ಆರ್‌ಸಿ ಕಾರಿಗೆ ಮನೆಯಲ್ಲೇ ಎಲ್‌ಇಡಿ ಹಾಕೋದು: ಕರೆಂಟ್ ಎಲ್ಲಿಂದ, ರೆಸಿಸ್ಟರ್ ಎಷ್ಟು?

ಪ್ರಶ್ನೆ: ನನ್ನ ಆರ್‌ಸಿ (ರಿಮೋಟಿನಲ್ಲಿ ಓಡಿಸುವ) ಕಾರಿನಲ್ಲಿ 7.4 ವೋಲ್ಟಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇದೆ. ಹೆಡ್‌ಲೈಟಿಗೆ ಅಂತ ಎರಡು ಬಿಳಿ ಎಲ್‌ಇಡಿ ತಂದು ನೇರ ಬ್ಯಾಟರಿಗೆ ಕೊಟ್ಟೆ. ಫಳಕ್ಕನೆ ಮಿಂಚಿ ಆರಿಹೋದವು. ರೆಸಿಸ್ಟರ್ ಎಷ್ಟರದು ಹಾಕಬೇಕು? ಕರೆಂಟ್ ಎಲ್ಲಿಂದ ತಗೋಬೇಕು?

ಉತ್ತರ: ಎಲ್‌ಇಡಿ ಕಳಪೆಯದಿತ್ತು ಅಂದುಕೊಳ್ಳಬೇಡಿ. ಬಿಳಿ ಎಲ್‌ಇಡಿ ಹೊತ್ತಿಕೊಳ್ಳಲು 3ರಿಂದ 3.4 ವೋಲ್ಟ್ ಸಾಕು. ನಿಮ್ಮ ಬ್ಯಾಟರಿ ಮೇಲೆ 7.4 ಅಂತ ಬರೆದಿದ್ದರೂ ಫುಲ್ ಚಾರ್ಜ್ ಆದಾಗ ಅದು 8.4 ಇರುತ್ತದೆ. ಹಳೇ ಬಲ್ಬಿಗೆ ಬರುವ ಹಾಗೆ ಎಲ್‌ಇಡಿಗೆ ತನ್ನ ಕರೆಂಟನ್ನು ತಾನೇ ತಡೆದುಕೊಳ್ಳಲು ಬರೋದಿಲ್ಲ. ವೋಲ್ಟೇಜ್ ಸ್ವಲ್ಪ ಜಾಸ್ತಿಯಾದರೂ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಸಾಮಾನ್ಯ 5 ಮಿ.ಮೀ. ಎಲ್‌ಇಡಿ ತಾಳೋದು ಸುಮಾರು 20 ಮಿಲಿಆಂಪ್ ಅಷ್ಟೇ. ಆ ನುಗ್ಗುವಿಕೆಗೆ ತಡೆ ಹಾಕೋದೇ ರೆಸಿಸ್ಟರ್ ಕೆಲಸ.

ಮೊದಲು ಕರೆಂಟಿನ ವಿಷಯ ಮುಗಿಸೋಣ. ನನ್ನ ಸಲಹೆ ಕೇಳಿದರೆ, ಬ್ಯಾಟರಿಯನ್ನು ಮುಟ್ಟಲೇಬೇಡಿ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ನಿಂದ ತಗೊಳ್ಳಿ. ಹವ್ಯಾಸಿಗಳ ಕಾರುಗಳಲ್ಲಿ ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಒಳಗೇ ಬಿಇಸಿ ಅನ್ನೋ ಸರ್ಕ್ಯೂಟ್ ಇರುತ್ತದೆ. ಅದು ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ರಿಸೀವರ್‌ಗೆ ಮತ್ತು ಸ್ಟಿಯರಿಂಗ್ ತಿರುಗಿಸುವ ಸರ್ವೋ ಮೋಟಾರಿಗೆ ಸಾಮಾನ್ಯವಾಗಿ 5 ಅಥವಾ 6 ವೋಲ್ಟ್ ಕೊಡುತ್ತದೆ. ಬ್ಯಾಟರಿ ಇಳಿಯುತ್ತಾ ಬಂದರೂ ಅಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಸಮ ಇರೋದರಿಂದ ದೀಪ ಮಂಕಾಗೋದಿಲ್ಲ. ಸ್ವಿಚ್ ಆಫ್ ಮಾಡಿದರೆ ದೀಪವೂ ಆಫ್. ಇದು ಸಣ್ಣ ಮಾತಲ್ಲ. ಸ್ವಿಚ್ಚಿಗಿಂತ ಮೊದಲೇ ಬ್ಯಾಟರಿಯಿಂದ ವೈರ್ ಎಳೆದರೆ, ಕಾರು ಆಫ್ ಮಾಡಿ ಮಲಗಿದ ಮೇಲೂ ಎಲ್‌ಇಡಿ ಉರೀತಾನೇ ಇರುತ್ತದೆ. ಸೆಲ್ಲಿಗೆ (ನಿಮ್ಮ ಬ್ಯಾಟರಿಯಲ್ಲಿ ಅಂಥವು ಎರಡಿವೆ) 3 ವೋಲ್ಟಿಗಿಂತ ಕೆಳಗಿಳಿದ ಲಿಪೋ ಹಾಳಾಯಿತು ಅಂತಲೇ ಲೆಕ್ಕ. ಇನ್ನು ಬ್ಯಾಟರಿಗೆ ನೇರ ಹಾಕಿದ ತೆಳು ವೈರು ಎಲ್ಲಾದರೂ ಶಾರ್ಟ್ ಆದರೆ ಕರಗಿ ಹೊಗೆ ಬರುತ್ತದೆ.

ರಿಸೀವರ್‌ನಲ್ಲಿ ಮೂರನೇ ಚಾನೆಲ್ ಖಾಲಿ ಇದ್ದರೆ ಅಲ್ಲಿಗೆ ಒಂದು ಸರ್ವೋ ಪ್ಲಗ್ ಚುಚ್ಚಿ. ಸಾಮಾನ್ಯವಾಗಿ ಮಧ್ಯದ ಕೆಂಪು ವೈರ್ ಪ್ಲಸ್, ಕಪ್ಪು ಅಥವಾ ಕಂದು ವೈರ್ ಮೈನಸ್. ಮೂರನೆಯದು ಸಿಗ್ನಲ್, ಅದನ್ನು ಕತ್ತರಿಸಿ ಟೇಪ್ ಸುತ್ತಿಬಿಡಿ. ಖಾಲಿ ಜಾಗ ಇಲ್ಲದಿದ್ದರೆ ಸರ್ವೋಗೆ ವೈ ಕೇಬಲ್ (ಒಂದು ಪ್ಲಗ್ಗನ್ನು ಎರಡಾಗಿಸುವುದು) ಹಾಕಿದರಾಯ್ತು.

ಈಗ ಲೆಕ್ಕ. ಸಿಗುವ ವೋಲ್ಟೇಜಿನಿಂದ ಎಲ್‌ಇಡಿ ವೋಲ್ಟೇಜ್ ಕಳೆಯಿರಿ, ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. 6 ವೋಲ್ಟಿನಲ್ಲಿ 3.2 ಹೋದರೆ ಉಳಿದದ್ದು 2.8. ಅದನ್ನು 0.015 ಆಂಪಿನಿಂದ ಭಾಗಿಸಿದರೆ 187 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗೋದು 220, ಅದನ್ನೇ ತಗೊಳ್ಳಿ. 13 ಮಿಲಿಆಂಪಿನಷ್ಟು ಹರಿಯುತ್ತದೆ, ಬೆಳಕು ಧಾರಾಳ. ಹಿಂದಿನ ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಹಾಗಾಗಿ ಅಲ್ಲಿ 330 ಓಮ್. 220ರ ಮೇಲೆ ಕೆಂಪು, ಕೆಂಪು, ಕಂದು ಪಟ್ಟಿ ಇರುತ್ತದೆ, 330ರ ಮೇಲೆ ಕಿತ್ತಳೆ, ಕಿತ್ತಳೆ, ಕಂದು. ಬಿಇಸಿ 5 ವೋಲ್ಟಿನದಾದರೂ ಇವೇ ನಡೆಯುತ್ತವೆ, ಬೆಳಕು ಸ್ವಲ್ಪ ಕಮ್ಮಿ ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇವೆಲ್ಲ ಬಿಡಿಯಾಗಿ ಸಿಗುತ್ತವೆ.

ಬಿಳಿಗೆ ಯಾಕೆ ಜಾಸ್ತಿ ವೋಲ್ಟೇಜ್ ಬೇಕು ಅಂತ ಅನಿಸಿರಬಹುದು. ಬಿಳಿ ಎಲ್‌ಇಡಿ ಒಳಗಿರೋದು ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ, ನೀಲಿ ಹಳದಿ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಗೇ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು.

ಪ್ರತಿ ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್ ಇರಲಿ. ಎರಡಕ್ಕೂ ಸೇರಿಸಿ ಒಂದೇ ಹಾಕಿ ಉಳಿತಾಯ ಮಾಡೋಕೆ ಹೋಗಬೇಡಿ. ಒಂದೇ ಪ್ಯಾಕೆಟ್ಟಿನ ಎಲ್‌ಇಡಿಗಳೂ ಪೂರ್ತಿ ಒಂದೇ ಥರ ಇರೋದಿಲ್ಲ. ಕಡಿಮೆ ವೋಲ್ಟೇಜಿಗೇ ಹೊತ್ತಿಕೊಳ್ಳುವುದು ಜಾಸ್ತಿ ಕರೆಂಟ್ ಎಳೆದುಕೊಳ್ಳುತ್ತದೆ. ಬಿಸಿಯಾದಷ್ಟೂ ಇನ್ನೂ ಎಳೆಯುತ್ತದೆ. ಎರಡು ಬಿಳಿ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿದರೆ 6.4 ವೋಲ್ಟ್ ಬೇಕು, ಬಿಇಸಿಯಲ್ಲಿ ಅಷ್ಟಿಲ್ಲ.

ಎಲ್‌ಇಡಿಯ ಉದ್ದದ ಕಾಲು ಪ್ಲಸ್. ಕತ್ತರಿಸಿದ ಮೇಲೆ ಮರೆತರೆ ಬುಡದ ಅಂಚು ನೋಡಿ, ಚಪ್ಪಟೆ ಇರುವ ಕಡೆ ಮೈನಸ್. ರೆಸಿಸ್ಟರನ್ನು ಕಾಲಿಗೇ ಸೋಲ್ಡರ್ ಮಾಡಿ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ಬಾಡಿ ಬಿಚ್ಚಲು ಬರಬೇಕಲ್ವಾ, ಆದ್ದರಿಂದ ಬಾಡಿಗೂ ಚಾಸಿಗೂ ನಡುವೆ ಒಂದು ಕನೆಕ್ಟರ್ ಇರಲೇಬೇಕು.

ಬಾಡಿ ಪಾಲಿಕಾರ್ಬೊನೇಟಿನದಾದರೆ ಸೂಪರ್ ಗ್ಲೂ ಹತ್ತಿರ ತರಬೇಡಿ. ಅದರ ಆವಿ ತಾಗಿ ಹೆಡ್‌ಲೈಟಿನ ಪಾರದರ್ಶಕ ಭಾಗ ಬೆಳ್ಳಗೆ ಮಸುಕಾಗುತ್ತದೆ. ಹದವಾದ ಬಿಸಿಯಲ್ಲಿ ಗ್ಲೂ ಗನ್ ಸಾಕು. ಬಣ್ಣದ ಮೂಲಕವೇ ಬೆಳಕು ಸೋರಿ ಬಾನೆಟ್ ಹೊಳೆಯುತ್ತಿದ್ದರೆ ಒಳಗಡೆ ಒಂದು ಕೋಟ್ ಕಪ್ಪು ಬಣ್ಣ ಕೊಡಿ. ಹಿಂದಿನ ದೀಪದ ಎಲ್‌ಇಡಿ ತುದಿಯನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಚುಚ್ಚುವ ಬೆಳಕು ಹರಡಿಕೊಂಡು ನಿಜವಾದ ಟೈಲ್‌ಲೈಟಿನ ಹಾಗೇ ಕಾಣುತ್ತದೆ. ಈ ಚಿಕ್ಕ ಕೆಲಸ ನನಗೆ ತುಂಬಾ ಇಷ್ಟ.

ಬ್ರೇಕ್ ಲೈಟ್ ಬೇಕೆನ್ನುವವರಿಗೆ ಇನ್ನೊಂದು ಹೆಜ್ಜೆ ಇದೆ. ರಿಸೀವರ್ ಥ್ರಾಟಲ್ ಚಾನೆಲ್ಲಿನಲ್ಲಿ ಕಳಿಸುವ ಪಲ್ಸ್ ನ್ಯೂಟ್ರಲ್‌ನಲ್ಲಿ ಸುಮಾರು 1.5 ಮಿಲಿಸೆಕೆಂಡ್ ಇರುತ್ತದೆ. ಗ್ಯಾಸ್ ಕೊಟ್ಟರೆ ಒಂದು ಕಡೆಗೆ, ಬ್ರೇಕ್ ಹಿಡಿದರೆ ಇನ್ನೊಂದು ಕಡೆಗೆ ಬದಲಾಗುತ್ತದೆ. ಆರ್ಡುಯಿನೊ ನ್ಯಾನೊ ಅನ್ನೋ, ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡ್ ಅದನ್ನು ಅಳೆದು ಕೆಂಪು ಎಲ್‌ಇಡಿ ಹೊತ್ತಿಸಬಲ್ಲದು. ಆದರೆ 6 ವೋಲ್ಟ್ ಬಿಇಸಿಯನ್ನು ಅದರ 5 ವೋಲ್ಟ್ ಪಿನ್ನಿಗೆ ನೇರ ಕೊಡಬೇಡಿ, ಆ ಚಿಪ್ಪಿನ ಕೆಲಸದ ಮಿತಿ 5.5. ನಡುವೆ ಒಂದು 1ಎನ್4007 ಡಯೋಡ್ ಹಾಕಿದರೆ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಬೋರ್ಡ್ ಜೋಡಿಸುವ ಮೊದಲು ಒಮ್ಮೆ ಮಲ್ಟಿಮೀಟರಿನಲ್ಲಿ ಅಳೆದು ನೋಡಿಕೊಳ್ಳಿ.