‘ನಮ್ಮನೆಗೆ ದನದ ಮಾಂಸ ಬರೋದೇ ಇಲ್ಲ, ನಾಯಿಗೆ ಎಲ್ಲಿಂದ ಬಂತು?’

ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ: “ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ವರ್ಷವಿಡೀ ಪಂಜ ನೆಕ್ಕುತ್ತದೆ, ಕಿವಿ ಕೆರೆದುಕೊಳ್ಳುತ್ತದೆ. ಡಾಕ್ಟರು ನೋಡಿ, ಆಹಾರದ ಅಲರ್ಜಿ ಇರಬಹುದು, ಮೊದಲು ಬೀಫ್ ನಿಲ್ಲಿಸಿ ಅಂದರು. ನಮ್ಮದು ಸಸ್ಯಾಹಾರಿ ಮನೆ, ಇಲ್ಲದ್ದನ್ನು ನಿಲ್ಲಿಸೋದು ಹೇಗೆ? ಅಗಿಯಲಿಕ್ಕೆ ಏನಾದರೂ ಕೊಡದಿದ್ದರೆ ಮನೆಯಲ್ಲಿ ಒಂದು ಚಪ್ಪಲಿಯೂ ಉಳಿಯುವುದಿಲ್ಲ. ಬೀಫ್ ಇಲ್ಲದ, ನೈಸರ್ಗಿಕವಾದ ಯಾವ ಚ್ಯೂ ಕೊಡಬಹುದು?”

ಮೊದಲು ಒಂದು ಕೆಲಸ ಮಾಡಿ. ಸೋಫಾದ ಅಡಿಯಲ್ಲಿ, ನಾಯಿ ಮಲಗುವ ಗೋಣಿಯ ಮೇಲೆ, ಎಲ್ಲಾದರೂ ಒಂದು ಬಿಳಿ ಎಲುಬು ಬಿದ್ದಿದೆಯಾ ನೋಡಿ. ಎರಡೂ ತುದಿಗೆ ಗಂಟು ಹಾಕಿರುತ್ತಾರಲ್ಲ, ಅದು. ಹೊಸತರಲ್ಲಿ ಪ್ಲಾಸ್ಟಿಕ್ ಹಾಗೆ ಗಟ್ಟಿ. ನಾಯಿ ಅರ್ಧ ಗಂಟೆ ಅಗಿದ ಮೇಲೆ ತುದಿ ಮೆತ್ತಗಾಗಿ, ಲೋಳೆ ಲೋಳೆಯಾಗಿ, ಪದರ ಪದರ ಬಿಚ್ಚಿಕೊಳ್ಳುತ್ತದೆ. ಅದು ಎಲುಬಲ್ಲ, ಚರ್ಮ. ಹೆಚ್ಚಾಗಿ ದನದ್ದು ಅಥವಾ ಎಮ್ಮೆಯದು. ಕೂದಲು ತೆಗೆದು, ಒಳಪದರ ಬೇರೆ ಮಾಡಿ, ತೊಳೆದು, ಸುತ್ತಿ ಒಣಗಿಸುತ್ತಾರೆ. ರಾಹೈಡ್ ಎಂದು ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ. ಚಪ್ಪಲಿ ಉಳಿಸಲಿಕ್ಕೆ ಚಪ್ಪಲಿಯ ಚರ್ಮವನ್ನೇ ಕೊಟ್ಟಂತಾಯ್ತು.

ನಗಬೇಡಿ, ನಾನೂ ಹೀಗೇ ಮೋಸ ಹೋದವನು. ನಮ್ಮ ಮೋತಿ ಮರಿ ಇದ್ದಾಗ ಅಂಗಡಿಯವನು “ಇದು ವೆಜ್ಜೇ ಸಾರ್, ಎಲ್ಲರೂ ಒಯ್ತಾರೆ” ಎಂದು ಕೊಟ್ಟಿದ್ದ. ಎರಡು ವರ್ಷ ತಂದಿದ್ದೇನೆ. ಅವನಿಗೂ ಗೊತ್ತಿರಲಿಲ್ಲವೋ ಏನೋ. ಇನ್ನು ಬುಲ್ಲಿ ಸ್ಟಿಕ್ ಅಂತ ಒಂದು ಉದ್ದನೆಯ ಕಂದು ಕಡ್ಡಿ ಬರುತ್ತದೆ. ಅದು ಗೂಳಿಯದು. ಗೂಳಿಯ ಯಾವ ಭಾಗ ಅಂತ ನಾನು ಇಲ್ಲಿ ಬರೆಯುವುದಿಲ್ಲ, ನಿಮ್ಮನೆಯಲ್ಲಿ ಹಿರಿಯರಿದ್ದಾರೆ.

ನಿಮ್ಮ ಡಾಕ್ಟರು ಬೀಫ್ ಹೆಸರನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಆಹಾರ ಆಗದ 297 ನಾಯಿಗಳ ವರದಿಗಳನ್ನು ಒಟ್ಟು ಮಾಡಿ 2016ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಶೇ 34 ನಾಯಿಗಳಿಗೆ ಬೀಫ್ ಆಗುತ್ತಿರಲಿಲ್ಲ. ಶೇ 17ಕ್ಕೆ ಹಾಲಿನ ಪದಾರ್ಥ, ಶೇ 15ಕ್ಕೆ ಚಿಕನ್, ಶೇ 13ಕ್ಕೆ ಗೋಧಿ, ಶೇ 5ಕ್ಕೆ ಕುರಿ. ಆದರೆ ಇದನ್ನು ಬೀಫ್ ಕೆಟ್ಟದ್ದು, ಕುರಿ ಒಳ್ಳೆಯದು ಅಂತ ಓದಬೇಡಿ. ಅಲರ್ಜಿ ಬರುವುದು ಮೊದಲು ತಿಂದಿದ್ದಕ್ಕೇ. ಜಾಸ್ತಿ ನಾಯಿಗಳು ಜಾಸ್ತಿ ತಿಂದದ್ದು ಪಟ್ಟಿಯ ಮೇಲೆ ಕೂತಿರುತ್ತದೆ. ಹಾಗಾಗಿ ಯಾವ ಚ್ಯೂ ಒಳ್ಳೆಯದು ಅನ್ನುವುದಕ್ಕಿಂತ ಮೊದಲು ನಿಮ್ಮ ನಾಯಿ ಈ ನಾಲ್ಕು ವರ್ಷದಲ್ಲಿ ಏನೇನು ತಿಂದಿದೆ ಅಂತ ಬರೆದಿಡಿ. ಪ್ಯಾಕೆಟ್ ಆಹಾರ, ಬಿಸ್ಕತ್ತು, ಪಕ್ಕದ ಮನೆಯವರು ಬೇಲಿ ಮೇಲಿಂದ ಎಸೆಯುವುದು, ಎಲ್ಲ.

ಆ ಪಟ್ಟಿಯಲ್ಲಿ ಹಾಲು, ಮೊಸರನ್ನ ಖಂಡಿತ ಇರುತ್ತದೆ, ಅಲ್ವಾ? ಸಸ್ಯಾಹಾರಿ ಮನೆಯ ನಾಯಿಗಳ ವಿಷಯದಲ್ಲಿ ಯಾರೂ ಯೋಚಿಸದ ಜಾಗ ಇದು. ದನದ ಮಾಂಸದಲ್ಲಿರುವ ಕೆಲವು ಪ್ರೋಟೀನುಗಳು ದನದ ಹಾಲಿನಲ್ಲೂ ಇವೆ. ಒಂದಕ್ಕೆ ತುರಿಸುವ ನಾಯಿಗೆ ಇನ್ನೊಂದಕ್ಕೂ ತುರಿಸಬಹುದು. ಆದ್ದರಿಂದ ಈಗ ಎಲ್ಲ ಕಡೆ ಸಿಗುವ ಯಾಕ್ ಚ್ಯೂ, ಅಂದರೆ ನೇಪಾಳ, ಸಿಕ್ಕಿಂ ಕಡೆಯ ಛುರ್ಪಿ, ‘ಬೀಫ್ ಇಲ್ಲ, ವೆಜ್’ ಎನ್ನುವ ಒಂದೇ ಕಾರಣಕ್ಕೆ ನಿಮ್ಮ ನಾಯಿಗೆ ಸರಿಹೋಗುತ್ತದೆ ಅನ್ನಲಿಕ್ಕಾಗದು. ಅದು ಹಾಲನ್ನು ಒಡೆಸಿ, ಹಿಂಡಿ, ತಿಂಗಳುಗಟ್ಟಲೆ ಒಣಗಿಸಿದ ಗಟ್ಟಿ ಚೀಸ್. ಹೆಸರು ಯಾಕ್ ಅಂತ ಇದ್ದರೂ ಹೆಚ್ಚಿನವುಗಳಲ್ಲಿ ಹಸುವಿನ ಹಾಲೂ ಸೇರಿರುತ್ತದೆ. ಹಾಲು ನಿಲ್ಲಿಸಿ, ತಿರುಗಿ ಕೊಟ್ಟು ನೋಡಿ, ಏನೂ ಆಗಲಿಲ್ಲ ಅಂದರೆ ಕೊಡಿ. ‘ಬೀಫ್ ಅಲ್ಲ, ಬಫ್’ ಎಂಬ ಪ್ಯಾಕೆಟ್ಟೂ ಹಾಗೇ. ಎಮ್ಮೆ ಬೇರೆ, ದನ ಬೇರೆ ಅನ್ನುವುದು ನಮಗೆ. ನಾಯಿಯ ಮೈಗೆ ಅವೆರಡೂ ಹತ್ತಿರದ ನೆಂಟರು.

ಈಗ ಬೇಸರದ ಸುದ್ದಿ. ನಿಜವಾಗಿ ಯಾವುದು ಆಗುವುದಿಲ್ಲ ಅಂತ ತಿಳಿಯಲು ಇರುವ ದಾರಿ ಒಂದೇ. ಎಂಟು ವಾರ ಹಿಂದೆಂದೂ ತಿನ್ನದ ಒಂದೇ ಪ್ರೋಟೀನ್ ಮತ್ತು ಒಂದು ಪಿಷ್ಟದ ಪದಾರ್ಥ, ಡಾಕ್ಟರನ್ನು ಕೇಳಿಕೊಂಡು. ರಕ್ತ, ಕೂದಲು, ಜೊಲ್ಲಿನ ಪರೀಕ್ಷೆಗಳನ್ನು ಈ ವಿಷಯಕ್ಕೆ ನೆಚ್ಚಿಕೊಳ್ಳಬೇಡಿ, ದುಡ್ಡು ದಂಡ. ಆಹಾರವೇ ಕಾರಣ ಆಗಿದ್ದರೆ ಎಂಟು ವಾರದಲ್ಲಿ ಹತ್ತರಲ್ಲಿ ಒಂಬತ್ತು ನಾಯಿಗಳಿಗೆ ಗುಣ ಕಾಣುತ್ತದೆ. ಈ ಎಂಟು ವಾರ ಅಂಗಡಿಯ ಯಾವ ಚ್ಯೂ ಕೂಡ ಬೇಡ. ಹಾಗಾದರೆ ಚಪ್ಪಲಿ? ಉಪಾಯ ಸುಲಭ ಇದೆ. ಆ ಎರಡು ಪದಾರ್ಥದಿಂದಲೇ ಚ್ಯೂ ಮಾಡಿ. ಡಾಕ್ಟರು ಮೀನು ಮತ್ತು ಗೆಣಸು ಅಂದರೆ ಮೀನಿನ ಚರ್ಮ, ಗೆಣಸಿನ ಹೋಳು, ಮುಗೀತು. ಗೆಣಸನ್ನು ಬೆರಳಿನಷ್ಟು ದಪ್ಪಕ್ಕೆ ಉದ್ದುದ್ದ ಹೆಚ್ಚಿ, ಅರೆಬೇಯಿಸಿ, ಒಲೆ ಮೇಲಿನ ಅಟ್ಟದಲ್ಲೋ ಓವನ್‌ನಲ್ಲೋ ಒಣಗಿಸಿದರೆ ಬಾರಿನ ಹಾಗಾಗುತ್ತದೆ. ಎಳೆದು ಎಳೆದು ತಿನ್ನುತ್ತವೆ.

ಹುಳದ ಗುಳಿಗೆ, ಉಣ್ಣಿಯ ಗುಳಿಗೆಗಳನ್ನು ಮರೆಯಬೇಡಿ. ನಾಯಿ ಖುಷಿಯಿಂದ ಅಗಿಯುವ ಗುಳಿಗೆ ಅಂದರೆ ಅದಕ್ಕೆ ಬೀಫೋ ಹಂದಿಯೋ ಚಿಕನ್ನೋ ರುಚಿ ಹಾಕಿರುತ್ತಾರೆ. ಎಂಟು ವಾರದ ಪಥ್ಯ ಆರನೇ ವಾರದಲ್ಲಿ ಒಂದು ಗುಳಿಗೆಯಿಂದ ಹಾಳಾಗುತ್ತದೆ. ಹಾಗೆಂದು ಔಷಧ ನಿಲ್ಲಿಸಬೇಡಿ, ನಮ್ಮ ಜಿಲ್ಲೆಯ ಮಳೆ ಮತ್ತು ಕಾಡಿಗೆ ಉಣ್ಣಿ, ಚಿಗಟಗಳಿಗೇನು ಬರವಿಲ್ಲ, ಅರ್ಧ ತುರಿಕೆ ಅವುಗಳದ್ದೇ ಇರಬಹುದು. ಬೆನ್ನಿಗೆ ಹಾಕುವ ಹನಿ ಔಷಧ ಕೇಳಿ.

ಇನ್ನು ಮೀನು. ಘಟ್ಟದ ಮೇಲಿನವರಿಗೆ ಮೂಗು ಮುಚ್ಚಿಕೊಳ್ಳುವ ವಿಷಯ, ಆದರೆ ಬೀಫ್ ಆಗದ ನಾಯಿಗೆ ನಾನು ಮೊದಲು ಹೇಳುವುದು ಇದನ್ನೇ. ಸಸ್ಯಾಹಾರಿ ಮನೆಯ ನಾಯಿಗೆ ಇದರಲ್ಲಿ ಒಂದು ಲಾಭವೂ ಇದೆ. ಅದು ಮೀನು ತಿಂದೇ ಇರುವುದಿಲ್ಲ, ಅದರ ಮೈಗೆ ಹೊಸತು. ನೀವು ಹಾಕುವ ಪ್ಯಾಕೆಟ್ ಆಹಾರದಲ್ಲಿ ಮೀನಿನ ಪುಡಿ ಇಲ್ಲ ಎಂಬುದನ್ನು ಮಾತ್ರ ಓದಿ ಖಚಿತ ಮಾಡಿಕೊಳ್ಳಿ. ಮೀನೂ ಕೆಲವು ನಾಯಿಗಳಿಗೆ ಆಗುವುದಿಲ್ಲ, ಆದರೆ ಕಡಿಮೆ.

ಕಾರವಾರದಲ್ಲಿ ನಾನು ಬಳಸುವುದು ಲೆಪೆ ಮೀನಿನ ಚರ್ಮ. ನಾಲಿಗೆ ಹಾಗೆ ಚಪ್ಪಟೆ ಇರುವ ಮೀನು ಅದು, ಚರ್ಮ ಸುಲಿಯದೆ ಯಾರೂ ಅಡುಗೆ ಮಾಡುವುದಿಲ್ಲ. ಮೀನು ಮಾರುವ ಹೆಂಗಸು (‘ಬಾಯಿ’ ಅಂತಲೇ ಕರೆಯುತ್ತೇವೆ) ಮೀನಿನ ತಲೆಯ ಹತ್ತಿರ ಒಂದು ಗೀರು ಹಾಕುತ್ತಾಳೆ, ಜಾರದ ಹಾಗೆ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾಳೆ, ಒಂದೇ ಎಳೆತ, ಸರ್ರನೆ ಬಾಲದವರೆಗೆ ಕಾಲುಚೀಲ ಕಳಚಿದಂತೆ ಬರುತ್ತದೆ. ಅದನ್ನು ಸುಮ್ನೆ ಎಸೆಯುತ್ತಾರೆ. “ಬಾಯಿ, ಅದು ನನಗೆ ಹಾಕು” ಅಂದಾಗ ಮೊದಲ ದಿನ ನನ್ನನ್ನೇ ಒಂಥರಾ ನೋಡಿದ್ದಳು. ಈಗ ತೆಗೆದಿಟ್ಟಿರುತ್ತಾಳೆ. ಚೆನ್ನಾಗಿ ತೊಳೆದು, ನಾಲ್ಕೈದು ಚರ್ಮ ಒಟ್ಟಿಗೆ ಬೀಡಿ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಓವನ್‌ನಲ್ಲಿ 100 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಇಡುತ್ತೇನೆ. ಮುರಿದರೆ ಟಕ್ ಅನ್ನಬೇಕು, ಒಳಗೆ ಅಂಟು ಇರಬಾರದು. ಮಳೆಗಾಲದಲ್ಲಿ ಹೊರಗಿಟ್ಟರೆ ಮೂರೇ ದಿನದಲ್ಲಿ ಬೂಸ್ಟು, ಹಾಗಾಗಿ ಫ್ರಿಜ್. ಮನೆಯಲ್ಲಿ ಒಂದು ವಾರ ವಾಸನೆ ಇರುತ್ತದೆ, ಅದನ್ನು ಮುಚ್ಚಿಟ್ಟು ಹೇಳಿದರೆ ತಪ್ಪಾಗುತ್ತದೆ.

ಭಾನುವಾರದ ಸಂತೆಯಲ್ಲಿ ಒಣಮೀನು ರಾಶಿ ಬಿದ್ದಿರುತ್ತದಲ್ಲ, ಅದನ್ನೇ ಕೊಟ್ಟರಾಯಿತಲ್ಲ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಅದಕ್ಕೆ ಮೇ ತಿಂಗಳಲ್ಲೇ ನಾವೆಲ್ಲ ಒಣಮೀನು ತುಂಬಿಡುತ್ತೇವೆ. ಅದರಲ್ಲಿ ಎರಡು ಬಂಗಡೆ ತೆಗೆದು ಮೋತಿಗೆ ಹಾಕಿದೆ. ರಾತ್ರಿಯಿಡೀ ನೀರು ಕುಡಿಯಿತು, ಬೆಳಗ್ಗೆ ಜಗಲಿ ತುಂಬ ವಾಂತಿ. ಕಾರಣ ಉಪ್ಪು. ನಮ್ಮ ಒಣಮೀನು ಅನ್ನದ ಪಕ್ಕ ಒಂದು ಚೂರು ಇಟ್ಟುಕೊಳ್ಳಲು ಮಾಡಿದ್ದು, ಇಡೀ ಮೀನು ಅಗಿಯಲಿಕ್ಕಲ್ಲ. ಇನ್ನೊಂದು ತೊಂದರೆ, ಬಂಗಡೆ, ತಾರ್ಲೆಯಂಥ ಮೀನನ್ನು ಬೇಗ ಒಣಗಿಸದೆ ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಅದನ್ನು ತಿಂದು ಮನುಷ್ಯರಿಗೇ ಮೈ ಕೆಂಪಾಗಿ ತುರಿಸುತ್ತದೆ. ತುರಿಕೆಯ ಕಾರಣ ಹುಡುಕುತ್ತಿರುವ ನಾಯಿಗೆ ಅದನ್ನು ಹಾಕಿ ಮತ್ತೆ ತಲೆ ಕೆಡಿಸಿಕೊಳ್ಳುವುದು ಬೇಡ. ಉಪ್ಪು ಹಾಕದೆ ಒಣಗಿಸಿದ ಸಣ್ಣ ಮೀನು ಗುರುತಿದ್ದವರ ಹತ್ತಿರ ಸಿಕ್ಕರೆ ಸರಿ. ಮತ್ತೆ, ಗೋಕರ್ಣಕ್ಕೋ ಕಾರವಾರಕ್ಕೋ ನಾಯಿ ಕರೆದುಕೊಂಡು ಬಂದರೆ ದಂಡೆಯಲ್ಲಿ ಬಿದ್ದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಚೆಂಡಿನಂತೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಬಲೆಯಿಂದ ತೆಗೆದು ಎಸೆದಿರುತ್ತಾರೆ. ಅದು ಒಣಗಿದರೂ ವಿಷವೇ.

ಮೀನು ಮನೆಯೊಳಗೆ ಬರುವುದೇ ಇಲ್ಲ ಅಂದರೆ? ಎಂಟು ವಾರದ ಪಥ್ಯ ಮುಗಿದ ಮೇಲೆ ಕೊಡಲು ಆಡಿನ ಕಿವಿ, ಆಡಿನದೇ ಒಣಗಿಸಿದ ಶ್ವಾಸನಾಳ ಪ್ಯಾಕೆಟ್‌ನಲ್ಲಿ ಸಿಗುತ್ತವೆ. ಆಡು, ಕುರಿಗೂ ದನಕ್ಕೂ ಸ್ವಲ್ಪ ಹೋಲಿಕೆ ಇರುವುದರಿಂದ ಕೆಲವು ನಾಯಿಗೆ ಅದೂ ಆಗದಿರಬಹುದು, ನೋಡಿಕೊಂಡು ಕೊಡಿ. ಬೇಯಿಸಿದ ಎಲುಬು ಯಾವ ಪ್ರಾಣಿಯದೂ ಬೇಡ, ಸಿಬಿರು ಒಡೆಯುತ್ತದೆ. ಹಂದಿ ಕಿವಿಯಲ್ಲಿ ಕೊಬ್ಬು ಜಾಸ್ತಿ. ಅಮೆರಿಕದಲ್ಲಿ 2019ರಲ್ಲಿ ಅದನ್ನು ಮುಟ್ಟಿದ ಜನರಿಗೇ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡಿತ್ತು. ‘ತರಕಾರಿ ಚ್ಯೂ’ ಅಂತ ಹಸಿರು ಬಣ್ಣದ್ದು ಬರುತ್ತದೆ, ಅದರಲ್ಲಿ ಗೋಧಿಯ ಅಂಟು ಇದೆಯಾ, ಜೆಲಟಿನ್ ಯಾವ ಪ್ರಾಣಿಯದು ಅಂತ ಓದಿ. ಬರೆದಿಲ್ಲ ಅಂದರೆ ಬಿಟ್ಟುಬಿಡಿ.

ನಿಮ್ಮ ತೋಟದಲ್ಲೇ ಸಿಗುವ ‘ನೈಸರ್ಗಿಕ’ಗಳ ಬಗ್ಗೆಯೂ ಹೇಳಬೇಕು. ತೆಂಗಿನ ಸಿಪ್ಪೆ ಹರಿಯುವುದು ನಾಯಿಗಳಿಗೆ ಹಬ್ಬ, ಆದರೆ ನಾರು ನುಂಗಿದರೆ ಕರುಳಲ್ಲಿ ಉಂಡೆ ಕಟ್ಟುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆ ಇನ್ನೂ ಅಪಾಯ. ಅದರಲ್ಲಿರುವ ಅರೆಕೊಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳ ಬೀಳಿಸಲು ಔಷಧವಾಗಿ ಕೊಡುತ್ತಿದ್ದರು. ಹುಳದ ಜೊತೆ ಹೊಟ್ಟೆಯಲ್ಲಿದ್ದದ್ದೆಲ್ಲ ಬರುತ್ತಿತ್ತು. ಕಾಡಲ್ಲಿ ಉದುರಿದ ಜಿಂಕೆ ಕೊಂಬು ಸಿಕ್ಕಿತು ಅಂತ ಎತ್ತಿ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ನಾಯಿಗೂ ಉಪಯೋಗ ಇಲ್ಲ, ಮೇಲಿನ ದವಡೆಯ ದೊಡ್ಡ ಹಲ್ಲು ಹೋಳಾಗಿ ಒಡೆಯುವುದು ಇಂಥದ್ದರಿಂದಲೇ. ಉಗುರು ಒತ್ತಿದರೆ ಸ್ವಲ್ಪವೂ ಗುರುತು ಬೀಳದ ಯಾವುದನ್ನೂ ಕೊಡಬೇಡಿ. ಯಾಕ್ ಚ್ಯೂ ಕೂಡ ಕೆಲವೊಮ್ಮೆ ಈ ಲೆಕ್ಕಕ್ಕೇ ಬರುತ್ತದೆ.

ಎಂಟು ವಾರ ಕಳೆದು ನಾಯಿ ಸುಧಾರಿಸಿತು ಅಂದುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದೇ ಹೊಸ ತಿಂಡಿ, ಎರಡು ವಾರ, ಕ್ಯಾಲೆಂಡರಿನಲ್ಲಿ ಬರೆದು. ಮೊದಲ ಎರಡು ವಾರ ಬರೀ ಮೊಸರು ಹಾಕಿ ನೋಡಿ. ಪಂಜ ನೆಕ್ಕಲು ಶುರುಮಾಡಿತು ಅಂದರೆ ಯಾಕ್ ಚ್ಯೂನ ದುಡ್ಡು ಉಳಿಯಿತು. ಏನು ಕೊಟ್ಟರೂ ಎದುರಿಗೆ ಕೂತು ಕೊಡಿ, ಕೊನೆಯ ಎರಡಿಂಚು ತುಂಡನ್ನು ಕಿತ್ತುಕೊಳ್ಳಿ, ಲ್ಯಾಬ್ರಡಾರ್ ಅದನ್ನು ಅಗಿಯುವುದಿಲ್ಲ, ನುಂಗುತ್ತದೆ. ಮತ್ತೆ ಆ ಬಿಳಿ ಎಲುಬು ಸಿಕ್ಕಿತಾ ಇಲ್ಲವಾ ಅಂತ ನನಗೊಂದು ಸಾಲು ಬರೆಯಿರಿ.