ಆಡಿಗೆ ಮೆಕ್ಕೆಜೋಳ ಹಾಕಬಹುದಾ?

ಸೊರಬ, ಶಿಕಾರಿಪುರದ ಕಡೆ ಮೆಕ್ಕೆಜೋಳ ಮುರಿಯಲು ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ಕಾಳು ಬಿಡಿಸಿದ ಮೇಲೆ ಉಳಿಯುವ ಸೊಪ್ಪೆ, ಚೂರುಕಾಳು ಎಲ್ಲ ಆಡಿಗೆ ಹಾಕಬಹುದಾ?"

ಸೊಪ್ಪೆ ಧಾರಾಳವಾಗಿ ಹಾಕಿ. ಕತ್ತರಿಸಿ ಹಾಕಿದರೆ ಹಾಳು ಕಡಿಮೆ. ಬೂಸ್ಟು ಹಿಡಿದದ್ದು ಮಾತ್ರ ಬೇಡ, ಮತ್ತೆ ಬಿಸಿಲಿಗೆ ಹರವಿದರೂ ಅದರ ವಿಷ ಹೋಗುವುದಿಲ್ಲ.

ಕಷ್ಟ ಇರುವುದು ಕಾಳಿನಲ್ಲಿ. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಕಾಳು ತಿಂದರೆ ಏನಾದೀತು? ಬೇಗ ಮೈ ತುಂಬುತ್ತದೆ" ಎನ್ನುವವರಿಗೆ ಎಷ್ಟು ಸಲ ಹೇಳಲಿ? ಆಡಿನ ಮೇವು ಅರಗಿಸುವುದು ಅದರ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಅವಕ್ಕೆ ನಾರು ಬೇಕು. ಒಮ್ಮೆಲೇ ಕಾಳು ಬಿದ್ದರೆ ಹುಳಿ ಮಾಡುವ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ನಾರು ಅರಗಿಸುವ ಜೀವಿಗಳೇ ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆ ಕುಲುಕಿದರೆ ಗುಳುಗುಳು ಅನ್ನುತ್ತದೆ, ಕಣ್ಣು ಗುಳಿ ಬೀಳುತ್ತದೆ. ಮೆಲುಕು ನಿಲ್ಲುತ್ತದೆ, ಆಡು ಹಲ್ಲು ಕಡಿಯುತ್ತದೆ, ಹಿಕ್ಕೆಯ ಬದಲು ಹುಳಿನಾತದ ಭೇದಿ. ಒಂದೆರಡು ದಿನದಲ್ಲಿ ಸಾಯಲೂಬಹುದು, ಬದುಕಿದರೂ ಗೊರಸು ನೊಂದು ಕುಂಟುತ್ತದೆ. ಆಗ ಪಕ್ಕದವರು ವಿಷ ಹಾಕಿದರು ಅಂತ ಜಗಳ! ಮದುವೆ ಮನೆಯಲ್ಲಿ ಉಳಿದ ಅನ್ನ, ಹಣ್ಣಾದ ಹಲಸು ರಾಶಿ ಸುರಿದರೂ ಆಗುವುದು ಇದೇ. ಹಿಟ್ಟು ಮಾಡಿ ಹಾಕಿದರೆ ಇನ್ನೂ ಬೇಗ.

ಉಬ್ಬರ ಅಂದುಕೊಂಡು ಎಣ್ಣೆ ಹೊಯ್ಯಬೇಡಿ. ಎಣ್ಣೆ ನೊರೆ ಒಡೆಯುತ್ತದೆ, ಹುಳಿ ತೆಗೆಯುವುದಿಲ್ಲ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಅಡುಗೆ ಸೋಡಾ ಎಷ್ಟು ಕುಡಿಸಬೇಕೆಂದು ಅವರನ್ನೇ ಕೇಳಿ. ಎದ್ದು ನಿಲ್ಲಲಾಗದ ಆಡಿನ ಬಾಯಿಗೆ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಕಾಳು ಹಾಕಲೇಬೇಕೆಂದರೆ ಮೊದಲು ಒಣಮೇವು, ಆಮೇಲೆ ಒಂದು ಹಿಡಿ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ. ದೊಡ್ಡ ಆಡಿಗೆ ಕಾಳು, ಹಿಂಡಿ ಎಲ್ಲ ಸೇರಿ ದಿನಕ್ಕೆ 200–250 ಗ್ರಾಂ ಸಾಕು, ಅದೂ ಎರಡು ಹೊತ್ತಿಗೆ ಹಂಚಿ.

ಯಾರೂ ಕೇಳದ ಇನ್ನೊಂದು ಮಾತು ಹೇಳಲೇಬೇಕು: ಹೋತಕ್ಕೆ ತೌಡು. ಮಿಲ್ಲಿನಲ್ಲಿ ಸಿಗುತ್ತದೆಂದು ಬುಟ್ಟಿಗಟ್ಟಲೆ ಹಾಕುತ್ತಾರೆ. ಮೇವಿನಲ್ಲಿ ರಂಜಕದ (ಫಾಸ್ಫರಸ್) ಎರಡರಷ್ಟು ಸುಣ್ಣದ ಅಂಶ (ಕ್ಯಾಲ್ಸಿಯಂ) ಇರಬೇಕು. ತೌಡಿನಲ್ಲಿ ಪೂರ್ತಿ ಉಲ್ಟಾ, ರಂಜಕ ತುಂಬಿದೆ, ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಹೆಣ್ಣಾಡಿಗೆ ಹೊರಟುಹೋಗುವ ಕಲ್ಲು ಹೋತದ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಯದರಲ್ಲೇ ಬೀಜ ಒಡೆಸಿದ್ದರೆ ನಾಳ ಇನ್ನೂ ಕಿರಿದು. ಹೋತ ತಿಣುಕುವುದನ್ನು ನೋಡಿ ಮಲ ಕಟ್ಟಿದೆ ಎಂದು ತಿಳಿದು ಎರಡು ದಿನ ಕಳೆಯುವಷ್ಟರಲ್ಲಿ ಮೂತ್ರಕೋಶ ಒಡೆದಿರುತ್ತದೆ. ತೌಡು ಇಳಿಸಿ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಕೊಡಿ, ನೀರು ಹೆಚ್ಚು ಕುಡಿಯಲೆಂದು ಮೇವಿಗೆ ಚಿಟಿಕೆ ಉಪ್ಪು ಬೆರೆಸಿ. ಜಡಿಮಳೆಯಲ್ಲಿ ಆಡು ನೀರಿಗೆಂದು ಹೊರಗೆ ಇಳಿಯುವುದಿಲ್ಲ, ಬಕೆಟ್ ಕೊಟ್ಟಿಗೆಯ ಒಳಗೇ ಇಡಿ.