ನೊತ್ರ್ ದಾಮ್‌ನ ಚೂಪು ಗೋಪುರಕ್ಕೆ ನಿಜಕ್ಕೂ ಎಷ್ಟು ವಯಸ್ಸು?

ಪ್ರಶ್ನೆ: 2019ರ ಬೆಂಕಿಯಲ್ಲಿ ಪ್ಯಾರಿಸ್‌ನ ನೊತ್ರ್ ದಾಮ್ ಚರ್ಚಿನ ಚೂಪು ಗೋಪುರ ಉರಿದು ಬಿತ್ತಲ್ಲ, ಅದು 800 ವರ್ಷ ಹಳೆಯದಾ?

ಅಲ್ಲ. ಚರ್ಚು ಕಟ್ಟಲು ಶುರುಮಾಡಿದ್ದು 1163ರ ಹೊತ್ತಿಗೆ, ಅದು ನಿಜ. ಸುಟ್ಟ ಚಾವಣಿಯ ತೊಲೆಗಳಲ್ಲೂ ಹೆಚ್ಚಿನವು ಆ ಕಾಲದವೇ. ಆದರೆ ಉರಿದಾಗ ಗೋಪುರಕ್ಕೆ ಬರೀ 160 ವರ್ಷ. ಮೊದಲಿದ್ದದ್ದು ಶಿಥಿಲವಾಗಿ, 18ನೇ ಶತಮಾನದ ಕೊನೆಯಲ್ಲೇ ಅದನ್ನು ಬಿಚ್ಚಿ ಇಳಿಸಿದ್ದರು. ಓಕ್ ಮರದ ಮೇಲೆ ಸೀಸದ ತಗಡು ಹೊದಿಸಿ, 1859ರಲ್ಲಿ ಹೊಸದನ್ನು ನಿಲ್ಲಿಸಿದವನು ಯುಜೀನ್ ವಿಯೋಲೆ-ಲ-ಡ್ಯೂಕ್ ಎಂಬ ವಾಸ್ತುಶಿಲ್ಪಿ.

ಈತ ಹುಟ್ಟಿದ್ದು 1814ರಲ್ಲಿ, ಪ್ಯಾರಿಸ್‌ನಲ್ಲೇ. ವಾಸ್ತುಶಿಲ್ಪಿ ಆಗಬೇಕೆಂದವರೆಲ್ಲ ಬೋಜ಼ಾರ್ ಕಲಾಶಾಲೆಗೆ ಸೇರುತ್ತಿದ್ದ ಕಾಲ. ಈತ ಒಲ್ಲೆ ಎಂದ. ಊರೂರು ಸುತ್ತಿ, ಹಳೇ ಕಟ್ಟಡಗಳನ್ನು ಬರೆದು ಬರೆದು ಕಲಿತ. 1840ರಲ್ಲಿ, ಇನ್ನೂ 26 ವರ್ಷ, ಕುಸಿಯುವಂತಿದ್ದ ವೆಜ಼ಲೇ ಚರ್ಚನ್ನು ಉಳಿಸುವ ಕೆಲಸ ಸಿಕ್ಕಿತು. ಉಳಿಸಿದ. 1844ರಲ್ಲಿ ಲಾಸ್ಯೂ ಎಂಬ ಜೊತೆಗಾರನೊಂದಿಗೆ ನೊತ್ರ್ ದಾಮ್‌ನ ಜೀರ್ಣೋದ್ಧಾರದ ಕೆಲಸ ಸಿಕ್ಕಿತು. 1857ರಲ್ಲಿ ಲಾಸ್ಯೂ ತೀರಿಕೊಂಡ ಮೇಲೆ ಇವನೊಬ್ಬನೇ.

ತಕರಾರು ಇರುವುದು ಇಲ್ಲೇ. ಜೀರ್ಣೋದ್ಧಾರ ಅಂದರೆ ಇದ್ದದ್ದನ್ನು ರಿಪೇರಿ ಮಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಈತ ಹಾಗಲ್ಲ ಎಂದ. ಕಟ್ಟಡವನ್ನು ಪೂರ್ಣ ರೂಪಕ್ಕೆ ತರಬೇಕು, ಆ ರೂಪ ಹಿಂದೆಂದೂ ಇರದಿದ್ದರೂ ಸರಿ, ಎಂದು ಬರೆದೇ ಇಟ್ಟ. ಅದರಂತೆಯೇ ಮಾಡಿದ. ಗೋಪುರವನ್ನು ಹಳೆಯದಕ್ಕಿಂತ ಎತ್ತರಿಸಿ, ಸುಮಾರು 96 ಮೀಟರ್‌ಗೆ ಏರಿಸಿದ. ಮೇಲಿನ ಮೊಗಸಾಲೆಯಲ್ಲಿ ಕೆನ್ನೆಗೆ ಕೈಕೊಟ್ಟು, ನಾಲಿಗೆ ಚಾಚಿ, ಊರು ನೋಡುತ್ತಾ ಕೂತ ಕೋಡಿನ ಪಿಶಾಚಿ ಇದೆಯಲ್ಲ, ಪ್ರವಾಸಿಗಳು ಮಧ್ಯಯುಗದ್ದು ಅಂತ ಫೋಟೊ ಹೊಡೆದುಕೊಳ್ಳುವುದು? ಅದೂ ಇವನ ಕಲ್ಪನೆಯೇ. ಕಾರ್ಕಸೋನ್ ಕೋಟೆಯ ಬುರುಜುಗಳಿಗೆ ಶಂಕುವಿನಾಕಾರದ ಸ್ಲೇಟ್ ಚಾವಣಿ ಹಾಕಿಸಿದ್ದಕ್ಕಂತೂ ಈಗಲೂ ಬೈಯುವವರಿದ್ದಾರೆ: ಅದು ಉತ್ತರದ ಪದ್ಧತಿ, ದಕ್ಷಿಣ ಫ್ರಾನ್ಸಿಗೆ ಒಗ್ಗುವುದಲ್ಲ ಅಂತ. ಬೈಗುಳ ನ್ಯಾಯವೇ. ಆದರೂ ಇವನು ಕೈಹಾಕದಿದ್ದರೆ ವೆಜ಼ಲೇಯಲ್ಲಿ ಇವತ್ತು ನೋಡಲು ಜಾಸ್ತಿ ಏನೂ ಉಳಿದಿರುತ್ತಿರಲಿಲ್ಲ.

ನೊತ್ರ್ ದಾಮ್ ಗೋಪುರದ ಬುಡದಲ್ಲಿ ತಾಮ್ರದ 16 ಪ್ರತಿಮೆಗಳಿದ್ದವು. ಎಲ್ಲವೂ ಊರಿನ ಕಡೆ ಮುಖ ಮಾಡಿದ್ದರೆ ಸಂತ ತೋಮಸನದು ಮಾತ್ರ ಗೋಪುರವನ್ನೇ ಕತ್ತೆತ್ತಿ ನೋಡುತ್ತಿತ್ತು. ಆ ಮುಖ ವಿಯೋಲೆ-ಲ-ಡ್ಯೂಕ್‌ನದೇ! ದುರಸ್ತಿಗೆಂದು ಬೆಂಕಿಗೆ ನಾಲ್ಕೇ ದಿನ ಮೊದಲು ಇಳಿಸಿದ್ದರಿಂದ ಎಲ್ಲ ಪ್ರತಿಮೆಗಳೂ ಬಚಾವಾದವು.

ಈತ 1879ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ. ಬೆಂಕಿಯ ನಂತರ ಹೊಸ ವಿನ್ಯಾಸದ ಗೋಪುರ ಕಟ್ಟೋಣ ಎಂಬ ಮಾತು ಬಂತು. ಕೊನೆಗೆ 2020ರಲ್ಲಿ, ಇವನದನ್ನೇ ಇದ್ದ ಹಾಗೆ ಕಟ್ಟುವುದೆಂದು ತೀರ್ಮಾನವಾಯಿತು. ಅದೇ ಓಕ್, ಅದೇ ಸೀಸ.